ಜೇನಿಗೆ ಬೆಲ್ಲನೀರು

ಎಮ್ಮೆ ಕೊಳ್ಳುವವರು ಕೋಡು ನೋಡುತ್ತಾರೆ, ಕೆಚ್ಚಲು ನೋಡುತ್ತಾರೆ. ನಾನು ಮೊದಲು ಸಗಣಿ ನೋಡುತ್ತಿದ್ದೆ. ಮಾರುವವನು ಮೈಗೆ ಎಣ್ಣೆ ಸವರಬಹುದು, ಕೋಡಿಗೆ ಬಣ್ಣ ಬಳಿಯಬಹುದು. ಸಗಣಿಯನ್ನು ಮಾತ್ರ ಸಿಂಗರಿಸಲಾರ. ಬರಿಗೈಯಲ್ಲಿ ಮುಳಗುಂದದಲ್ಲಿ ದನದ ವ್ಯಾಪಾರ ಹಿಡಿದ ನನ್ನನ್ನು ಕಾಯ್ದದ್ದು ಈ ಒಂದು ರೂಢಿ. ಅದು ಜೇನಿಗೂ ನಡೆಯುತ್ತದೆ ಎಂದು ತಿಳಿದದ್ದು ಕನ್ನಡ ಸೀಮೆಗಳೆಲ್ಲ ಒಂದೇ ರಾಜ್ಯವಾದ ವರ್ಷ.

ಆ ವರ್ಷ ಮಳೆ ಹಿಂದಾದ ಮೇಲೆ ತುಡುವೆ ಜೇನಿನ ಹಿಂಡೊಂದು ಹಾರಿ ಬಂದು ನಮ್ಮ ಕೊಟ್ಟಿಗೆಯ ಗೋಡೆಯಲ್ಲಿ ದೀಪವಿಡುವ ಮಾಡದಲ್ಲಿ ಇಳಿಯಿತು. ಬಡಿಗರಿಂದ ಪೆಟ್ಟಿಗೆ ಮಾಡಿಸಿ ಅದರೊಳಗೆ ಇಟ್ಟೆ. ಅವ್ವನ ಪಾಲಿಗೆ ಅವು ಹುಳುಗಳಲ್ಲ, ಬೀಗರು. ನಮ್ಮ ಕಡೆ ಬಿಸಿಲಲ್ಲಿ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವುದು ಪದ್ಧತಿ. ಅವ್ವ ದಿನಾ ತಾಟಿನಲ್ಲಿ ಬೆಲ್ಲ ಕರಗಿಸಿ ಪೆಟ್ಟಿಗೆಯ ಮುಂದೆ ಇಡುತ್ತಿದ್ದಳು. ಅವೂ ಸಂಕೋಚವಿಲ್ಲದೆ ಕುಡಿದವು.

ಕೆಲವು ದಿನಕ್ಕೆ ಪೆಟ್ಟಿಗೆಯ ಬಾಗಿಲ ಹಲಗೆಯ ಮೇಲೆ ಕಂದು ಕಲೆಗಳು ಬಿದ್ದವು. ಹುಳುಗಳು ಹೊಟ್ಟೆ ಉಬ್ಬಿ, ತೆವಳುತ್ತ ಕೆಳಗೆ ಬೀಳತೊಡಗಿದವು. ಭೇದಿ!

"ಅವ್ವಾ, ಬೆಲ್ಲ ನಿಂದ್ರಸು. ಇವಕ್ಕ ಅರಗವಲ್ದು."

ಅವ್ವ ತಾಟಿನ ಬೆಲ್ಲನೀರನ್ನು ಬಚ್ಚಲಿಗೆ ಚೆಲ್ಲಿದಳು. "ನಮ್ಮ ಮನಿ ನೀರು ಕುಡದೋರಿಗೆ ಬ್ಯಾನಿ ಬಂತಲ್ಲೋ! ಇನ್ನ ಯಾರಿಗೆ ಹೆಂಗ ಬರ್ರಿ ಅನ್ಲಿ?"

ಅಂದಿನಿಂದ ಮನೆಗೆ ಬಂದವರ ಮುಂದೆ ಬೆಲ್ಲದ ತಾಟು ತರುವುದನ್ನೇ ಬಿಟ್ಟಳು. ಜೇನು ಹೋದರೆ ಹೋಗಲಿ, ಅವ್ವ ಹೀಗೆ ಮುದುಡಿದ್ದನ್ನು ನೋಡಲಾಗಲಿಲ್ಲ.

ಬೆಲ್ಲ ನಿಂತರೂ ಹಿಂಡು ಕರಗುತ್ತಲೇ ಇತ್ತು. ಲಕ್ಷ್ಮೇಶ್ವರದಲ್ಲಿ ತೋಟದ ಧಣಿಯೊಬ್ಬರು ಎರಡು ಪೆಟ್ಟಿಗೆ ಸಾಕಿದ್ದರು. ಹುಳುಗಳ ಸಮೇತ ಒಂದು ಎರಿ, ಅಂದರೆ ಮೇಣದ ಜೇನುರೊಟ್ಟಿ, ಕೇಳಲು ಹೋದೆ. ಒಂದು ಪೆಟ್ಟಿಗೆಯ ಎರಿಗಳು ಬೆಳ್ಳಗೆ, ಜೇನುತುಪ್ಪ ತುಂಬಿ ಭಾರವಾಗಿದ್ದವು. ಇನ್ನೊಂದರ ಎರಿಗಳು ಹಳೆಯವು, ಕಪ್ಪು. ತುಪ್ಪ ಕಡಿಮೆ, ಆದರೆ ಎಳೆಯ ಹುಳುಗಳು ಕಿಕ್ಕಿರಿದಿದ್ದವು. ಬಗ್ಗಿ ಎರಡರ ಬಾಗಿಲ ಹಲಗೆಯನ್ನೂ ನೋಡಿದೆ. ಬಿಳಿ ಎರಿಯದರಲ್ಲಿ ಸಣ್ಣ ಕಂದು ಗೀರುಗಳು. ಕಪ್ಪು ಎರಿಯದು ಆಗಷ್ಟೇ ಸಾರಿಸಿದ ಕಟ್ಟೆಯಂತಿತ್ತು.

"ಕರೇದು ಕೊಡ್ರಿ, ಧಣಿ."

"ದನದ ವ್ಯಾಪಾರಿ ಅಂತೀರಿ, ಹಾಲಿಲ್ಲದ ಎಮ್ಮಿ ಹೊಡಕೊಂಡು ಹೊಂಟೀರಲ್ಲ!"

"ತುಪ್ಪ ನಿಮಗ ಇರ್ಲಿರಿ. ನನಗ ಹೊಟ್ಟಿ ಚಲೋ ಇರೋವು ಬೇಕು."

ಮಾಲು ಕಡಿಮೆಯದು ಎಂದು ಅವರೇ ಅಂದ ಮೇಲೆ ಬೆಲೆ ಇಳಿಸುವುದು ಕಷ್ಟವಾಗಲಿಲ್ಲ. ಧಣಿ ಒಳ್ಳೆಯವರು, ಉಪಾಯವನ್ನೂ ಹೇಳಿಕೊಟ್ಟರು. ಬೇರೆ ಬೇರೆ ಹಿಂಡನ್ನು ನೇರವಾಗಿ ಕೂಡಿಸಿದರೆ ಕಾದಾಡುತ್ತವೆ. ನಡುವೆ ಒಂದು ಪೇಪರ್ ಹಾಸಬೇಕು. ಅದನ್ನು ಕಡಿದು ಮುಗಿಸುವುದರೊಳಗೆ ಎರಡರ ವಾಸನೆಯೂ ಒಂದಾಗಿರುತ್ತದೆ.

ತಂದ ಎರಿಯನ್ನು ಇನ್ನೊಂದು ಖಾನೆಯಲ್ಲಿಟ್ಟು ಪೆಟ್ಟಿಗೆಯ ಮೇಲೆ ಕೂರಿಸಿದೆ. ನಡುವೆ ಹಾಸಲು ಕೈಗೆ ಸಿಕ್ಕದ್ದು ರಾಜ್ಯ ಒಂದಾದ ಸುದ್ದಿ ಇದ್ದ ಪೇಪರ್.

"ಅವಕ್ಕ ಓದಾಕ ಬರತೈತೇನೋ?" ಎಂದಳು ಅವ್ವ. ಎಷ್ಟೋ ದಿನಗಳ ಮೇಲೆ ಅವಳ ಬಾಯಲ್ಲಿ ಒಂದು ಚೇಷ್ಟೆಯ ಮಾತು.

ಬಾಗಿಲಲ್ಲಿ ಕಾಗದದ ಚೂರುಗಳು ಬಂದು ಬಿದ್ದವು. ಆಮೇಲೆ ಹುಟ್ಟಿದ ಹುಳುಗಳು ತೆವಳಲಿಲ್ಲ, ಹಾರಿದವು.

ಕೃಷಿ ಓದಿದ ನನ್ನ ಮೊಮ್ಮಗಳು ಈಗ ಹೇಳುತ್ತಾಳೆ: ಆಗಷ್ಟೇ ಹೊರಬಂದ ಜೇನಿನ ಕರುಳಿನಲ್ಲಿ ಅದಕ್ಕೆ ಬೇಕಾದ ಬ್ಯಾಕ್ಟೀರಿಯಾ ಇರುವುದೇ ಇಲ್ಲವಂತೆ. ಗೂಡಿನ ದೊಡ್ಡ ಹುಳುಗಳ ಸಂಗದಿಂದ, ಹಳೆಯ ಎರಿಯಿಂದ ಅವು ದಾಟಿ ಬರುತ್ತವಂತೆ. ಪರಾಗ ಅರಗಿಸುವುದೂ ರೋಗ ತಡೆಯುವುದೂ ಅವುಗಳ ಕೆಲಸ. ಅವ್ವ ನೆರೆಮನೆಯಿಂದ ಹೆಪ್ಪು ತರುತ್ತಿದ್ದಳಲ್ಲ, ಹಾಗೆಯೇ. ಕಣ್ಣಿಗೆ ಕಾಣದ ಇಂಥ ಕೊಡುಕೊಳ್ಳುವಿಕೆಯ ಮುಂದೆ ನನ್ನ ಜನ್ಮದ ವ್ಯಾಪಾರವೆಲ್ಲ ಸಣ್ಣದು. ಅಂದು ಹಿಂಡನ್ನು ಉಳಿಸಿದ್ದು ಆ ಬ್ಯಾಕ್ಟೀರಿಯಾಗಳೇ ಎಂದು ನಾನು ಆಣೆ ಇಡಲಾರೆ. ಬೆಲ್ಲ ನಿಲ್ಲಿಸಿದ್ದಕ್ಕೂ ಪಾಲಿದೆ. ಆದರೂ ಜೇನು ಕೊಳ್ಳುವವರಿಗೆ ಹೇಳುತ್ತೇನೆ: ತುಪ್ಪ ಆಮೇಲೆ ನೋಡಿ, ಬಾಗಿಲ ಹಲಗೆ ಮೊದಲು ನೋಡಿ.

ಕುಸುಬೆ ಹೂಬಿಟ್ಟಾಗ ಪೆಟ್ಟಿಗೆ ತುಂಬಿ ಗುಂಯ್‌ಗುಟ್ಟುತ್ತಿತ್ತು. ಆಗ ಹೊಂಬಳದಿಂದ ಬಂದ ಬೀಗರ ಮುಂದೆ ಅವ್ವ ತಾಟು ತಂದಿಟ್ಟಳು.

"ತಗೋರಿ. ನಿಮಗ ಬೆಲ್ಲ ನಡೀತೈತಿ. ಅಲ್ಲಿ ಇದ್ದಾರಲ್ಲ, ಅವರಿಗೆ ಬರೇ ನೀರು."