ಮಜ್ಜಿಗೆ ಅಜ್ಜಿಯ ಕೈ

ನಿನ್ನೆ ಸೊಸೆ ಮಜ್ಜಿಗೆಗೆ ಶುಂಠಿ, ಕರಿಬೇವು ಜಜ್ಜಿ ಹಾಕುತ್ತಿದ್ದಳು. ಆ ವಾಸನೆಗೆ ಸುಂಟಿಕೊಪ್ಪದ ಆಚೆಯ ಎಸ್ಟೇಟಿನ ಮಜ್ಜಿಗೆ ಅಜ್ಜಿ ನೆನಪಾದಳು...

ಬ್ರಿಟಿಷರ ಕಾಲ. ನಾನು ಅಲ್ಲಿನ ಆಸ್ಪತ್ರೆಗೆ ನರ್ಸಾಗಿ ಹೊಸದಾಗಿ ಸೇರಿದ್ದೆ. ಕಾಫಿ ಕೊಯ್ಲಿನ ಬಿಸಿಲಲ್ಲಿ ಅಜ್ಜಿ ಮಡಕೆ ಹೊತ್ತು ಬಂದು ಕೇಳಿದವರಿಗೆಲ್ಲ ಮಜ್ಜಿಗೆ ಕೊಡುತ್ತಿದ್ದಳು. ಇದ್ದೊಬ್ಬ ಮಗಳು ತೀರಿಹೋಗಿದ್ದಳು. ಕೂಲಿಗಳು ಸಾಲುಮನೆಗಳಲ್ಲಿ ವಾಸವಿದ್ದ ಲೈನಿನ ಮಕ್ಕಳೆಲ್ಲ ಅಜ್ಜಿಯ ಕೈತುತ್ತು ತಿಂದೇ ಬೆಳೆಯುತ್ತಿದ್ದವು.

ಆ ವರ್ಷ ಲೈನಿಗೆ ಟೈಫಾಯಿಡ್ ಬಿತ್ತು. ಬಾವಿಗೆ ಔಷಧ ಹಾಕಿಸಿದರೂ ನಿಲ್ಲಲಿಲ್ಲ.

"ರೋಗಿಯ ನಾಡಿ ಹಿಡಿದರೆ ಸಾಲದಮ್ಮ," ಎಂದರು ನಮ್ಮ ಡಾಕ್ಟರು. "ಯಾರಿಗೆ ಬಂತು, ಯಾರಿಗೆ ಬರಲಿಲ್ಲ, ಎಲ್ಲಿ ಏನು ತಿಂದರು, ಕೇಳಿಕೊಂಡು ಬಾ."

ಮನೆಮನೆಗೆ ಹೋಗಿ ಕೇಳಿದೆ. ಬಾವಿ ಎಲ್ಲರಿಗೂ ಒಂದೇ. ಆದರೆ ಜ್ವರದಿಂದ ಮಲಗಿದವರೆಲ್ಲ ಅಜ್ಜಿಯ ಮಜ್ಜಿಗೆ ಕುಡಿದವರು, ಕುಡಿಯದವರಿಗೆ ಬಂದಿರಲಿಲ್ಲ. ಅಜ್ಜಿ ಮಾತ್ರ ಗಟ್ಟಿಮುಟ್ಟಾಗಿದ್ದಳು. ಜ್ವರ ವಾಸಿಯಾದ ಮೇಲೂ ಕೆಲವರ ಹೊಟ್ಟೆಯಲ್ಲಿ ರೋಗ ವರ್ಷಗಟ್ಟಲೆ ಉಳಿದು, ಆಗೀಗ ಅವರ ಕೈಯಿಂದ ಊಟಕ್ಕೆ ಸೇರುತ್ತದೆ ಎಂದು ಡಾಕ್ಟರು ವಿವರಿಸಿದರು. ಪರೀಕ್ಷೆ ಮಾಡಿಸಿದಾಗ ಅಜ್ಜಿಯೂ ಅಂಥವಳೆಂದು ಗೊತ್ತಾಯಿತು.

ತಿಳಿಸಬೇಕಾದವಳು ನಾನು. ಅಜ್ಜಿ ಜಗಲಿಯಲ್ಲಿ ಕೂತು ಕೇಳಿಸಿಕೊಂಡಳು.

"ನಂಗೆ ಏನೂ ಆಗಿಲ್ವಲ್ಲ ನರ್ಸಮ್ಮ?"

"ಹಿಂದೆ ಯಾವಾಗಾದರೂ ಇಂಥ ಜ್ವರ ಬಂದಿತ್ತಾ ಅಜ್ಜಿ?"

"ಬಂದಿತ್ತು. ನಂಗೆ ವಾಸಿಯಾಯ್ತು. ಆಮೇಲೆ ನನ್ ಮಗ್ಳು ಮಲಗಿದ್ಲು..."

ತನ್ನ ಅಂಗೈಗಳನ್ನೇ ನೋಡುತ್ತಾ ಕೂತಳು.

"ನಾನು ಎದ್ದ್ ಮೇಲೆ ಅವ್ಳಿಗೆ ಅನ್ನ ಕಲ್ಸಿ ಕೊಡ್ತಿದ್ದದ್ದು ಇದೇ ಕೈ ಅಲ್ವಾ?"

"ಹಾಗೆಂದು ಹೇಳಲಾಗದು ಅಜ್ಜಿ," ಎಂದೆ.

ಅಂದಿನಿಂದ ಅವಳು ಒಲೆಯ ಹತ್ತಿರ ಹೋಗಲಿಲ್ಲ. ಹೊಸದಾಗಿ ಯಾರಿಗೂ ಜ್ವರ ಬರಲಿಲ್ಲ. ಎಲ್ಲರೂ ನನ್ನನ್ನು ಹೊಗಳಿದರು. ಮಕ್ಕಳು ಹಳೆಯ ಅಭ್ಯಾಸದಲ್ಲಿ ಓಡಿಬಂದರೆ ಅಜ್ಜಿ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಿದ್ದಳು. "ಬ್ಯಾಡ ಮಗಾ, ಅತ್ಲಾಗೆ ಹೋಗು," ಎನ್ನುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಆ ಕೈ ಹಿಡಿಯಲು ಹೋದರೂ ಬಿಡಿಸಿಕೊಳ್ಳುತ್ತಿದ್ದಳು. ಮುಂದಿನ ಕೊಯ್ಲಿನ ಹೊತ್ತಿಗೆ ತೀರಿಕೊಂಡಳು. ಕಾಯಿಲೆ ಏನೂ ಇರಲಿಲ್ಲ, ಊಟ ಬಿಟ್ಟಿದ್ದಳು.

ಅವಳು ಒಲೆ ಬಿಟ್ಟಿದ್ದರಿಂದ ಎಷ್ಟು ಜೀವ ಉಳಿದವೆಂದು ಡಾಕ್ಟರು ಆಮೇಲೂ ಹೇಳುತ್ತಿದ್ದರು. ನಿಜವೇ. ವರ್ಷಗಳಾದ ಮೇಲೆ ಅಜ್ಜಿಯಂತೆ ರೋಗ ಒಳಗೇ ಉಳಿದವರಿಗೂ ಔಷಧ ಬಂತು. ಕೆಲವು ವಾರ ಮಾತ್ರೆ ನುಂಗಿದರೆ ಬಹಳಷ್ಟು ಜನರಿಗೆ ವಾಸಿಯಾಗುತ್ತದೆ. ನಾನೇ ಎಷ್ಟೋ ಜನರಿಗೆ ಕೊಟ್ಟಿದ್ದೇನೆ... ಪ್ರತಿ ಸಲವೂ, ಅವಳಿಗೆ ಕೊಡಲಾಗಲಿಲ್ಲವಲ್ಲ ಎನಿಸುತ್ತದೆ.