ತಂಗಿಯನ್ನು ಕರೆತರಲು ಹೋದದ್ದು

ಮದುವೆಯಾಗಿ ಹೋದ ಹೆಣ್ಣುಮಗಳಿಗೆ ತವರಿನ ಸಾವನ್ನು ನಮ್ಮ ಕಡೆ ನೇರವಾಗಿ ಹೇಳುವುದಿಲ್ಲ. ಮನೆಯವರೊಬ್ಬರು ಹೋಗಿ, ಮೈ ಉಷಾರಿಲ್ಲ ಬಾ ಎಂದಷ್ಟೇ ಹೇಳಿ ಕರೆತರಬೇಕು. ಅವಳಿಗೂ ಅನುಮಾನ ಬಂದಿರುತ್ತದೆ. ಆದರೂ ಬಸ್ಸಿನಲ್ಲಿ ಕೂತಷ್ಟು ಹೊತ್ತು ಅವಳ ಪಾಲಿಗೆ ತಾಯಿ ಬದುಕಿರುತ್ತಾಳೆ.

ಅಮ್ಮ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದು ಜಗಲಿಯ ಮೇಲೆ ಕೂತವಳು ಮತ್ತೆ ಏಳಲಿಲ್ಲ. ಕ್ಯಾಸಂಬಳ್ಳಿಯಿಂದ ಬಂದ ಡಾಕ್ಟರು ನೋಡಿ ತಲೆಯಾಡಿಸಿದರು. ತಮ್ಮನನ್ನು ಅಮ್ಮನ ಪಕ್ಕ ಕೂರಿಸಿ, ‘ಕಾಮಸಮುದ್ರಕ್ಕೋಗಿ ನಿಮ್ಮಕ್ಕನ್ನ ಕರ್ಕಂಡ್ ಬತ್ತೀನಿ. ಅಲ್ಲೀಗಂಟ ಫೋನ್ ಮುಟ್ಬ್ಯಾಡ ಕಣ್ಲಾ’ ಎಂದೆ.

ಹಾಗೆ ಹೇಳಲು ಕಾರಣವಿತ್ತು. ಅವನದು ಹಸು ಕರು ಹಾಕಿದರೆ ಸ್ಟೇಟಸ್, ಬೋರ್ ಕೆಟ್ಟರೆ ಸ್ಟೇಟಸ್, ಮುದ್ದೆ ಉಣ್ಣುವಾಗಲೂ ಎಡಗೈಯಲ್ಲಿ ಸ್ಟೇಟಸ್. ಹಾಕಿದ ಮೇಲೆ ಯಾರು ನೋಡಿದರು ಎಂದು ನೋಡುವುದು, ಮತ್ತೆ ನೋಡುವುದು. ಹೆಂಡತಿ ಬೈದಳೆಂದು ಒಮ್ಮೆ ವಾಟ್ಸಾಪನ್ನೇ ತೆಗೆದುಹಾಕಿದ್ದ. ಸಂಜೆಯೊಳಗೆ ವಾಪಸ್ ಬಂತು. ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಬಂಗಾರಪೇಟೆಯಲ್ಲಿ ಬಸ್ ಬದಲಿಸುವಾಗಲೂ ತಂಗಿಗೆ ಹೇಳಬೇಕಾದ ಆ ಒಂದು ಮಾತನ್ನೇ ಬಾಯೊಳಗೆ ಹೇಳಿಕೊಳ್ಳುತ್ತಿದ್ದೆ. ದನಿ ನಡುಗಬಾರದಲ್ಲ. ಅವಳ ಮನೆ ಮುಟ್ಟಿದರೆ, ಅಂಗಳದಲ್ಲಿ ಒಬ್ಬಳೇ ಕೂತಿದ್ದಾಳೆ. ಅತ್ತೆ, ಗಂಡ ಹೊಲದಲ್ಲಿದ್ದರು. ಕೈಯಲ್ಲಿ ಫೋನು, ಫೋನಿನಲ್ಲಿ ಅಮ್ಮ. ಸುತ್ತ ಹೂವಿನ ಚೌಕಟ್ಟು, ಕೆಳಗೆ ಉರಿಯುವ ದೀಪ. ತಮ್ಮ ಹಾಕಿದ ಸ್ಟೇಟಸ್.

ಅಲ್ಲಿಂದಲೇ ಅವನಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವನು ಅಳುತ್ತಿದ್ದ.

‘ಬೇಕಂತ ಮಾಡ್ಲಿಲ್ಲ ಕಣಣ್ಣ. ಅಮ್ಮನ್ ಪಕ್ಕಾನೇ ಕೂತಿದ್ದೆ, ಕೈ ತಾನಾಗೇ ಓಯ್ತು. ಅಕ್ಕ ನೋಡವ್ಳೆ ಅಂತ ಕಾಣಿಸ್ದಾಗ ಎದೆ ಧಸಕ್ ಅಂತು.’

ಅಂದರೆ, ಅಮ್ಮನ ಪಕ್ಕ ಕೂತು ಯಾರು ನೋಡಿದರೆಂದು ನೋಡುತ್ತಲೂ ಇದ್ದ. ಫೋನ್ ಇಟ್ಟುಬಿಟ್ಟೆ.

ತಂಗಿ ಫೋನನ್ನು ಕವುಚಿಟ್ಟು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

‘ನನ್ನ ಕರ್ಯೋಕ್ ಬಂದ್ಯಲ್ಲಣ್ಣ, ಏನಂತ ಕರೀಬೇಕು ಅಂತಿದ್ದೆ?’

‘ಈಗ್ಯಾಕಮ್ಮ ಅದೆಲ್ಲ.’

‘ಅಂಗೇ ಕರಿ. ನಿನ್ ಬಾಯಲ್ಲಿ ಕೇಳ್ಬೇಕು.’

ಅಷ್ಟು ದಾರಿ ಕಲಿತುಕೊಂಡು ಬಂದಿದ್ದರೂ ದನಿ ನಡುಗಿತು. ‘ಅಮ್ಮಂಗೆ ಮೈ ಉಷಾರಿಲ್ಲ. ನೋಡ್ಕಂಡ್ ಬರಾನ ಬಾ.’

ಅವಳು ಎದ್ದು ಚಪ್ಪಲಿ ಮೆಟ್ಟಿದಳು.

‘ಬಿರ್ನೆ ನಡಿ ಮತ್ತೆ. ಅಮ್ಮ ಕಾಯ್ತಾ ಇರ್ತಾಳೆ’ ಎಂದು ನನಗಿಂತ ಮುಂದೆ ಬಸ್ ಸ್ಟಾಂಡಿನ ಕಡೆ ನಡೆದಳು.