ಮಿಕ್ಕ ಕೋಟೆ ಹುಡುಕಲು ಹೋದ ಅಪ್ಪ

ಗೆಳೆಯರೇ, ಇವತ್ತು ಬೆಂಗಳೂರಿನ ಕೋಟೆಯಲ್ಲಿ ಅಪ್ಪ ಕಾಣೆಯಾದರು. ಕೋಟೆ ತೋರಿಸಲೆಂದೇ ದೇವನೂರಿನಿಂದ ಅವರನ್ನು ಕರೆತಂದಿದ್ದೆ. ಬಾಗಿಲಿನ ಕೆತ್ತನೆಯ ಫೋಟೊ ತೆಗೆದು ತಿರುಗಿದರೆ ಪಕ್ಕದಲ್ಲಿ ಅಪ್ಪ ಇಲ್ಲ. ಅವರ ಮೊಬೈಲೂ ನನ್ನ ಜೇಬಿನಲ್ಲೇ ಇತ್ತು. ಹೊರಗೆ ಮಾರ್ಕೆಟ್ಟಿನ ಜನಜಂಗುಳಿಯಲ್ಲಿ ಬಿಳಿ ಪಂಚೆ ಕಂಡ ಕಡೆಯೆಲ್ಲ ಓಡಿದೆ. ಕೊನೆಗೆ ಬಸ್ ನಿಲ್ದಾಣದ ಹತ್ತಿರ ಸಿಕ್ಕರು.

“ಎಲ್ಲೋಗಿದ್ದಪ್ಪ?” ಎಂದೆ.

“ಗೋಡೆ ಒಸಿ ದೂರ ಬಂದು ಅಲ್ಗೇ ನಿಂತೋಗ್ಯದೆ. ಮಿಕ್ಕಿದ್ ಕೋಟೆ ಎಲ್ಲೋಯ್ತು ಅಂತ ನೋಡಕ್ ಬಂದೆ ಕಣ್ಲಾ. ಕೇಳುದ್ರೆ ಇಲ್ಲಿ ಯಾರ್ಗೂ ಗೊತ್ತಿಲ್ಲ.”

ಈಗ ಊರಿಗೆ ಮರಳಲು ನಂಜನಗೂಡು ಬಸ್ಸಿನಲ್ಲಿದ್ದೇವೆ. ಅಪ್ಪ ಕಿಟಕಿ ಪಕ್ಕ, ಅವರಿಗೆ ಅಡ್ಡವಾಗಿ ನಾನು. ನಿದ್ದೆ ಎಳೆಯುತ್ತಿದೆ, ಆದರೆ ಕಣ್ಣು ಮುಚ್ಚುವಂತಿಲ್ಲ. ದಾರಿಯಲ್ಲಿ ಶ್ರೀರಂಗಪಟ್ಟಣದ ಕೋಟೆಯಿದೆ.